ನಿಮಗಿದು ಗೊತ್ತೆ? ಕುರಿಗಾಹಿಗೆ ನಾಣ್ಯ ಕೊಟ್ಟು ಘಾಟಿ ದಾಟುವ ಲಾರಿಗಳು

ನವಿ ಮುಂಬೈ ಮತ್ತು ಪುಣೆಯ ನಡುವಿನ ಬೋರ್ ಘಾಟಿಯಲ್ಲಿ ಒಬ್ಬ ಕುರಿಗಾಹಿಯೇ ಲಾರಿ ಚಾಲಕರ ಕಾವಲು ದೇವರು! ಹಳೆಯ ಹೆದ್ದಾರಿಯಲ್ಲಿ ಖೋಪೋಲಿ ದಾಟಿ ಖಂಡಾಲಾ ಕಡೆಗೆ ಏರುವಾಗ ಶಿಂಗ್ರೋಬಾನ ಪುಟ್ಟ ಗುಡಿ ಸಿಗುತ್ತದೆ. ಚಾಲಕರು ಇಲ್ಲಿ ಗಾಡಿ ನಿಲ್ಲಿಸಿ ಕೈಮುಗಿಯುತ್ತಾರೆ. ನಿಲ್ಲಲು ಪುರುಸೊತ್ತಿಲ್ಲದವರು ಓಡುವ ಗಾಡಿಯಿಂದಲೇ ನಾಣ್ಯ ಎಸೆಯುತ್ತಾರೆ.

ಶಿಂಗ್ರೋಬಾ ಧನಗರ ಸಮುದಾಯದವನು. ಕುರಿಗಳ ಹಿಂದೆ ಅಲೆದು ಬೆಟ್ಟದ ಪ್ರತಿ ಕಾಲುದಾರಿಯನ್ನೂ ಬಲ್ಲವನು. ಬ್ರಿಟಿಷ್ ಎಂಜಿನಿಯರುಗಳಿಗೆ ಘಾಟಿಯ ದಾರಿ ತೋರಿಸಿದವನು ಇವನೇ ಎನ್ನುತ್ತದೆ ಜನಪದ ಕಥೆ. ಏನು ಬಹುಮಾನ ಬೇಕೆಂದು ಕೇಳಿದಾಗ ‘ನಮ್ಮ ನಾಡಿಗೆ ಸ್ವಾತಂತ್ರ್ಯ ಕೊಡಿ’ ಎಂದನಂತೆ. ಅದಕ್ಕಾಗಿ ಗುಂಡೇಟು ತಿಂದನಂತೆ.

ಈ ಘಾಟಿಯಲ್ಲಿ ಗಾಡಿ ರಸ್ತೆ ತೆರೆದದ್ದು 1830ರಲ್ಲಿ. ರೈಲು ಹತ್ತಿದ್ದು 1863ರಲ್ಲಿ. ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆಗಳಿಂದ ನವಿ ಮುಂಬೈಯ ಕಳಂಬೋಲಿಗೂ ವಾಶಿಯ ಸಗಟು ಮಾರುಕಟ್ಟೆಗೂ ಸರಕು ತಂದ ಕನ್ನಡದ ಚಾಲಕರಿಗೂ ಇದೇ ಹಾದಿಯಾಗಿತ್ತು. 2002ರಲ್ಲಿ ಎಕ್ಸ್‌ಪ್ರೆಸ್ ಹೆದ್ದಾರಿ ಪೂರ್ಣಗೊಂಡ ಮೇಲೆ ಹಲವು ಲಾರಿಗಳು ಅತ್ತ ತಿರುಗಿದವು. ಆದರೂ ಹಳೆಯ ದಾರಿ ಹಿಡಿದವರು ಶಿಂಗ್ರೋಬಾನನ್ನು ಮರೆತಿಲ್ಲ. ದಾರಿ ತೋರಿದವನ ಋಣ ಇಂದಿಗೂ ಒಂದೊಂದೇ ನಾಣ್ಯವಾಗಿ ಸಲ್ಲುತ್ತಿದೆ.