ಹೊಟ್ಟೆಯಲ್ಲಿ ನೀರು ತುಂಬುವುದೇಕೆ?

1827ರ ಮಾರ್ಚ್ 26ರಂದು ವಿಯೆನ್ನಾ ನಗರದಲ್ಲಿ ಸಂಗೀತಕಾರ ಬೀಥೋವನ್ ಕಾಲವಾದನು. ಅದಕ್ಕೆ ಹಿಂದಿನ ಮೂರು ತಿಂಗಳುಗಳಲ್ಲಿ ವೈದ್ಯರು ನಾಲ್ಕು ಬಾರಿ ಅವನ ಹೊಟ್ಟೆಯನ್ನು ಚುಚ್ಚಿ ನೀರನ್ನು ಹೊರತೆಗೆದಿದ್ದರು. ಪ್ರತಿಸಲವೂ ಅದು ಮತ್ತೆ ತುಂಬಿಕೊಂಡಿತು. ಶವಪರೀಕ್ಷೆಯಲ್ಲಿ ಅವನ ಯಕೃತ್ತು ಅರ್ಧಕ್ಕೆ ಕುಗ್ಗಿ, ತೊಗಲಿನಂತೆ ಗಡುಸಾಗಿ, ಗಂಟುಗಳಿಂದ ಕೂಡಿದ್ದುದು ಕಂಡುಬಂದಿತು. ರೋಗವಿದ್ದುದು ಯಕೃತ್ತಿನಲ್ಲಿ, ನೀರು ತುಂಬಿದುದು ಉದರದಲ್ಲಿ. ಇವೆರಡಕ್ಕೂ ಏನು ಸಂಬಂಧ?

ಈ ಸ್ಥಿತಿಗೆ ನಮ್ಮ ಹಿರಿಯರಿಟ್ಟ ಹೆಸರು ಜಲೋದರ. ವರುಣನಿಗೆ ಕೊಟ್ಟ ಮಾತನ್ನು ನಡೆಸದ ಹರಿಶ್ಚಂದ್ರನ ಹೊಟ್ಟೆ ಉಬ್ಬಿತೆಂಬ ಕಥೆ ಐತರೇಯ ಬ್ರಾಹ್ಮಣದಲ್ಲಿದೆ. (ಸತ್ಯಹರಿಶ್ಚಂದ್ರನನ್ನು ಮಾತ್ರ ಬಲ್ಲವರಿಗೆ ಇದು ವಿಚಿತ್ರವಾಗಿ ತೋರಬಹುದು!) ನಾವು ವರುಣನನ್ನು ಬಿಟ್ಟು ಒತ್ತಡದ ನಿಯಮಗಳನ್ನು ಆಶ್ರಯಿಸೋಣ.

ಕರುಳುಗಳಿಂದ ಹೊರಟ ರಕ್ತವು ನೇರವಾಗಿ ಹೃದಯವನ್ನು ಸೇರುವುದಿಲ್ಲ. ಪೋರ್ಟಲ್ ಅಭಿಧಮನಿಯೆಂಬ ದೊಡ್ಡ ನಾಳದ ಮೂಲಕ ಯಕೃತ್ತನ್ನು ಹೊಕ್ಕು ಮುಂದೆ ಸಾಗುವುದು. ಆರೋಗ್ಯವಂತರಲ್ಲಿ ಈ ಹಾದಿಯ ಎರಡು ತುದಿಗಳ ನಡುವಣ ಒತ್ತಡದ ವ್ಯತ್ಯಾಸ ಪಾದರಸದ 5 ಮಿಲಿಮೀಟರನ್ನು ಮೀರದು. ಮದ್ಯಪಾನ, ಹೆಪಟೈಟಿಸ್ ವೈರಸ್ಸುಗಳು, ಶೇಖರವಾದ ಕೊಬ್ಬು ಇವುಗಳಲ್ಲಿ ಯಾವುದಾದರೂ ಯಕೃತ್ತನ್ನು ಬಹುಕಾಲ ಪೀಡಿಸಿದರೆ, ಅಲ್ಲಿ ನಾರು ಬೆಳೆದು ಹಾದಿ ಇಕ್ಕಟ್ಟಾಗುವುದು. ಇದೇ ಸಿರೋಸಿಸ್. ವ್ಯತ್ಯಾಸವು 10-12 ಮಿಲಿಮೀಟರನ್ನು ದಾಟಿತೆಂದರೆ ಜಲೋದರದ ಭಯ ತಪ್ಪಿದ್ದಲ್ಲ.

ಆಂಗ್ಲ ವಿಜ್ಞಾನಿ ಸ್ಟಾರ್ಲಿಂಗ್ 1896ರಲ್ಲಿ ಇದರ ಮೂಲತತ್ತ್ವವನ್ನು ವಿವರಿಸಿದನು. ಲೋಮನಾಳದೊಳಗಿನ ರಕ್ತದ ಒತ್ತಡವು ದ್ರವವನ್ನು ಹೊರಕ್ಕೆ ನೂಕುವುದು. ರಕ್ತದಲ್ಲಿರುವ ಸಸಾರಜನಕಗಳು, ಮುಖ್ಯವಾಗಿ ಆಲ್ಬ್ಯುಮಿನ್, ಅದನ್ನು ಒಳಕ್ಕೆ ಸೆಳೆಯುವುವು. ಈ ಆಲ್ಬ್ಯುಮಿನ್ ತಯಾರಾಗುವುದೂ ಯಕೃತ್ತಿನಲ್ಲಿಯೇ. ಆದುದರಿಂದ ಯಕೃತ್ತು ಕೆಟ್ಟಾಗ ನೂಕುವ ಬಲ ಹೆಚ್ಚುವುದು, ಸೆಳೆಯುವ ಬಲ ಕುಗ್ಗುವುದು.

ಇಷ್ಟಕ್ಕೇ ಮುಗಿಯಲಿಲ್ಲ. ಉದರದ ರಕ್ತನಾಳಗಳು ಹಿಗ್ಗಿ ರಕ್ತ ಅಲ್ಲಿಯೇ ನಿಲ್ಲುವುದರಿಂದ, ಮೂತ್ರಪಿಂಡಗಳು ಶರೀರದಲ್ಲಿ ರಕ್ತದ ಕೊರತೆಯಾಗಿದೆಯೆಂದು ಭ್ರಮಿಸಿ ಉಪ್ಪನ್ನು ಹೊರಬಿಡದೆ ಹಿಡಿದಿಡುವುವು. ಉಪ್ಪಿನ ಬೆನ್ನಿಗೆ ನೀರು. ಇಲ್ಲಿ ಒಂದು ಸಣ್ಣ ಲೆಕ್ಕವಿದೆ. ಉದರದ ದ್ರವದಲ್ಲಿ ಲೀಟರಿಗೆ ಸುಮಾರು 7ರಿಂದ 8 ಗ್ರಾಂ ಉಪ್ಪಿರುವುದು. ದಿನಕ್ಕೆ 10 ಗ್ರಾಂ ಉಪ್ಪು ತಿಂದು ಅದರಲ್ಲಿ ಏನನ್ನೂ ವಿಸರ್ಜಿಸಲಾಗದ ರೋಗಿಯ ಹೊಟ್ಟೆಯಲ್ಲಿ ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರು ಶೇಖರವಾಗಬಲ್ಲುದು! ಬಾಯಾರಿದ ರೋಗಿಗೆ ನೀರನ್ನು ನಿರಾಕರಿಸುತ್ತ, ಊಟಕ್ಕೆ ಉಪ್ಪಿನಕಾಯಿ ಹಪ್ಪಳಗಳನ್ನು ಬಡಿಸುವ ಮನೆಯವರು ಈ ಲೆಕ್ಕವನ್ನು ಮಾಡಿ ನೋಡಬೇಕು. ರಕ್ತದಲ್ಲಿ ಸೋಡಿಯಂ ಬಹಳ ಇಳಿದ ಹೊರತು ವೈದ್ಯರು ಸಾಮಾನ್ಯವಾಗಿ ನೀರನ್ನು ಕಟ್ಟುಮಾಡುವುದಿಲ್ಲ, ಕಡಿಮೆಮಾಡುವುದು ಉಪ್ಪನ್ನು. ಅದರೊಡನೆ ಸ್ಪೈರೊನೊಲ್ಯಾಕ್ಟೋನಿನಂತಹ ಮೂತ್ರವರ್ಧಕಗಳನ್ನು ಕೊಡುವರು. ಚುಚ್ಚಿ ತೆಗೆಯುವ ಕ್ರಮ ಇಂದಿಗೂ ಉಂಟು. ಆದರೆ 5 ಲೀಟರಿಗಿಂತ ಹೆಚ್ಚು ತೆಗೆದಾಗ ರಕ್ತಪರಿಚಲನೆ ಕುಸಿಯದಂತೆ ಆಲ್ಬ್ಯುಮಿನನ್ನು ರಕ್ತಕ್ಕೆ ಸೇರಿಸುವರು.

ಮುಂದಿನ ಗತಿಯೇನು? ಮರೆಮಾಚುವುದು ಸರಿಯಲ್ಲ. ಸಿರೋಸಿಸ್ಸಿನಲ್ಲಿ ಜಲೋದರವು ಕಾಣಿಸಿಕೊಂಡ ಮೇಲೆ ಎರಡರಿಂದ ಐದು ವರ್ಷಗಳೊಳಗೆ ಸುಮಾರು ಅರ್ಧದಷ್ಟು ರೋಗಿಗಳು ಮಡಿಯುವರು. ನೀರು ಔಷಧಕ್ಕೆ ಬಗ್ಗದಿದ್ದರೆ ಅವಧಿ ತಿಂಗಳುಗಳಿಗೆ ಇಳಿಯುವುದು. ಜ್ವರ, ಹೊಟ್ಟೆನೋವು, ಮಂಕು ಕವಿದಂತಹ ಸ್ಥಿತಿ ಕಂಡರೆ ನೀರಿಗೆ ಸೋಂಕು ತಗುಲಿರಬಹುದು. ಆಗ ಒಂದು ದಿನವೂ ತಡಮಾಡಬಾರದು. ಆದರೆ ಈ ಅಂಕಿಗಳು ಗುಂಪಿನವು, ಒಬ್ಬ ರೋಗಿಯ ಜಾತಕವಲ್ಲ. ಮದ್ಯವನ್ನು ಪೂರ್ತಿಯಾಗಿ ಬಿಟ್ಟವರಲ್ಲಿ, ವೈರಸ್ಸನ್ನು ಔಷಧದಿಂದ ಅಡಗಿಸಿದವರಲ್ಲಿ, ನೀರು ತಾನಾಗಿ ಇಳಿದುಹೋದ ಉದಾಹರಣೆಗಳು ಉಂಟು. ಅಮೆರಿಕದ ಸ್ಟಾರ್ಜಲ್ 1963ರಲ್ಲಿ ಆರಂಭಿಸಿ 1967ರಲ್ಲಿ ಯಶಸ್ಸು ಕಂಡ ಯಕೃತ್ತಿನ ಕಸಿಯು ಹಾದಿಯ ಇಕ್ಕಟ್ಟನ್ನೇ ಹೋಗಲಾಡಿಸುವುದು. ಬದಲಿ ಯಕೃತ್ತು ದೊರೆಯುವುದೇ ಅಲ್ಲಿಯ ಕಷ್ಟ.

ಬೀಥೋವನನ ಕೂದಲಿನ ಎಳೆಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2023ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಯಕೃತ್ತಿನ ರೋಗಕ್ಕೆ ಆನುವಂಶಿಕವಾದ ಒಲವು ಅವನಲ್ಲಿತ್ತು. ಅವನಿಗೆ ಹೆಪಟೈಟಿಸ್ ಬಿ ವೈರಸ್ಸಿನ ಸೋಂಕೂ ತಗುಲಿತ್ತು. ಅದೇ ವೈರಸ್ಸಿನ ವಿರುದ್ಧ ಈಗ ನಮ್ಮ ದೇಶದ ಲಸಿಕಾ ಕಾರ್ಯಕ್ರಮದಲ್ಲಿ, ಶಿಶು ಹುಟ್ಟಿದ 24 ಗಂಟೆಗಳೊಳಗೆ ಮೊದಲ ಚುಚ್ಚುಮದ್ದನ್ನು ಕೊಡಲಾಗುತ್ತಿದೆ.