‘ಮಾಲೀಕರ ಹೊಣೆ’ ಎಂದರೆ ಯಾವ ಮಾಲೀಕರು?

‘ತೂಗುಸೇತುವೆಯ ಮೇಲೆ ನಿಲ್ಲಿಸದೆ ಯಾವ ಲಾರಿಯೂ ಸರಕನ್ನು ಇಳಿಸತಕ್ಕದ್ದಲ್ಲ.’ ಸರ್ಕಾರಿ ಸೇವೆಯಲ್ಲಿದ್ದಾಗ ನನ್ನ ಮೇಜಿಗೆ ಬಂದ ಕರಡು ಸುತ್ತೋಲೆಯೊಂದರಲ್ಲಿದ್ದ ವಾಕ್ಯವಿದು. ಹೊಳೆಯೇ ಇಲ್ಲದ ಊರಿನ ಮಾರುಕಟ್ಟೆ ಪ್ರಾಂಗಣಕ್ಕೆ ತೂಗುಸೇತುವೆ ಎಲ್ಲಿಂದ ಬಂತು ಎಂದು ಕೇಳಿದಾಗ, ಭಾಷಾಂತರಿಸಿದ್ದ ಗುಮಾಸ್ತರು ಇಂಗ್ಲಿಷ್ ಮೂಲವನ್ನು ತೋರಿಸಿದರು. ಅಲ್ಲಿದ್ದದ್ದು ‘ವೇಬ್ರಿಜ್’. ತೂಕ ಹಾಕುವುದಕ್ಕೂ ತೂಗು, ಬ್ರಿಜ್ಜಿಗೆ ಸೇತುವೆ. ಅವರ ತರ್ಕದಲ್ಲಿ ಲೋಪವಿರಲಿಲ್ಲ. ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬಿನ ಗಾಡಿ ಹೊಡೆಯುವ ಹುಡುಗನೂ ಇದನ್ನು ‘ಕಾಟಾ’ ಎನ್ನುತ್ತಾನೆ. ಆ ಪದವನ್ನು ಸುತ್ತೋಲೆಯಲ್ಲಿ ಬರೆಯಲು ನಮಗೆ ಸಂಕೋಚ. ‘ವಾಹನ ತೂಕದ ಯಂತ್ರ’ ಎಂದು ತಿದ್ದಿ ಕಳುಹಿಸಿದೆ.

ಇಂಥ ತಪ್ಪುಗಳು ನಗೆ ತರಿಸುತ್ತವೆಯೇ ಹೊರತು ಯಾರ ಜೇಬಿಗೂ ಕತ್ತರಿ ಹಾಕುವುದಿಲ್ಲ. ನಾನು ಹೇಳಹೊರಟಿರುವುದು ನಾನೇ ಪಾಲುದಾರನಾಗಿದ್ದ ಇನ್ನೊಂದು ಭಾಷಾಂತರದ ಸಂಗತಿ.

ತೊಂಬತ್ತರ ದಶಕದಲ್ಲಿ ಸರಕು ಸಾಗಣೆಯ ಕೆಲವು ಮಾದರಿ ನಮೂನೆಗಳನ್ನು ಕನ್ನಡಕ್ಕೆ ತರುವ ಸಣ್ಣ ಸಮಿತಿಯೊಂದರಲ್ಲಿ ನಾನಿದ್ದೆ. ಲಾರಿ ರಸೀದಿಗಳ ಮೇಲೆ ಇಂಗ್ಲಿಷಿನಲ್ಲಿ ‘ಅಟ್ ಓನರ್ಸ್ ರಿಸ್ಕ್’ ಎಂಬ ಒಕ್ಕಣೆಯನ್ನು ಮುದ್ರಿಸುವ ವಾಡಿಕೆ ಇದೆ. ಸರಕು ಹಾಳಾದರೆ ಅದರ ಒಡೆಯನೇ ನಷ್ಟ ಹೊರಬೇಕೆಂಬುದು ಅದರ ಇಂಗಿತ. ನಾವು ಅದನ್ನು ‘ಮಾಲೀಕರ ಹೊಣೆಯಲ್ಲಿ’ ಎಂದು ಅನುವಾದಿಸಿದೆವು. ಐದು ನಿಮಿಷವೂ ಚರ್ಚೆಯಾಗಲಿಲ್ಲ. ಅದೇ ಸಮಿತಿ ‘ಕನ್ಸೈನರ್’ ಎಂಬುದಕ್ಕೆ ‘ಪ್ರೇಷಕ’ ಸರಿಯೋ ‘ರವಾನೆದಾರ’ ಸರಿಯೋ ಎಂದು ಒಂದು ಇಡೀ ಮಧ್ಯಾಹ್ನ ವಾದಿಸಿತ್ತು.

ಒಂದೆರಡು ವರ್ಷಗಳ ತರುವಾಯ ಚಳ್ಳಕೆರೆ ಕಡೆಯ ಈರುಳ್ಳಿ ಬೆಳೆಗಾರರೊಬ್ಬರು ನನ್ನ ಕಚೇರಿಗೆ ಬಂದರು. ಯಶವಂತಪುರದ ಮಾರುಕಟ್ಟೆಗೆ ಹೊರಟಿದ್ದ ಅವರ ಸರಕು ದಾರಿಯಲ್ಲಿ ಲಾರಿ ಕೆಟ್ಟು ಮೂರು ದಿನ ನಿಂತಿತ್ತು. ಹೊದಿಸಿದ್ದ ಟಾರ್ಪಾಲು ಹರಿದಿತ್ತು, ಮಳೆ ಬಿದ್ದಿತ್ತು. ಕೊಳೆತ ಈರುಳ್ಳಿಯ ಲೆಕ್ಕವನ್ನು ಅವರು ಒಂದು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ತಂದಿದ್ದರು. ಜೊತೆಗೆ ನಮ್ಮದೇ ಕನ್ನಡದ ರಸೀದಿ. ‘ಇಲ್ಲೇ ಬರೆದೈತಲ್ಲ ಸ್ವಾಮಿ, ಮಾಲೀಕರ ಹೊಣೆ ಅಂತ. ಲಾರಿ ಮಾಲೀಕರು ಕೊಡಾಕಿಲ್ಲ ಅಂತಾರೆ’ ಎಂದರು.

ಲಾರಿ ಕಚೇರಿಯಲ್ಲಿ ನಿಂತವನಿಗೆ ಮಾಲೀಕನೆಂದರೆ ಲಾರಿಯ ಮಾಲೀಕನೇ ಅಲ್ಲವೇ? ಸರಕಿನ ಒಡೆಯನನ್ನು ಅಲ್ಲಿ ಯಾರೂ ಮಾಲೀಕ ಎನ್ನುವುದಿಲ್ಲ. ಅವನು ‘ಮಾಲು ಹಾಕಿದವನು’, ಆ ಕಡೆಯವನು ‘ಮಾಲು ಬಿಡಿಸಿಕೊಳ್ಳುವವನು’. ನಾವು ಬರೆದ ಎರಡು ಪದಗಳು ಓದಿದವನಿಗೆ ತದ್ವಿರುದ್ಧ ಅರ್ಥವನ್ನು ಕೊಟ್ಟಿದ್ದವು. ಅದನ್ನು ನಂಬಿಯೇ ಅವರು ಹೆಬ್ಬೆಟ್ಟಲ್ಲ, ಸಹಿಯನ್ನೇ ಹಾಕಿದ್ದರು. ‘ಮಾಲೀಕರು ಎಂದರೆ ಇಲ್ಲಿ ನೀವೇ’ ಎಂದು ನಾನು ವಿವರಿಸಿದೆ. ಅವರು ಸ್ವಲ್ಪ ಹೊತ್ತು ರಸೀದಿಯನ್ನು ನೋಡಿ, ‘ನಾನು ಅಂತಲೇ ಬರೀಬೋದಿತ್ತಲ್ಲ’ ಎಂದು ಎದ್ದು ಹೋದರು.

ಕಥೆ ಅಲ್ಲಿಗೇ ಮುಗಿದಿದ್ದರೆ ಅದು ಪದದ ತಪ್ಪು ಮಾತ್ರ ಆಗುತ್ತಿತ್ತು. ನಾನು ಕೊಟ್ಟ ವಿವರಣೆಯೂ ಅರ್ಧ ಸತ್ಯವೆಂಬುದು ತಿಳಿದದ್ದು ಅನಂತರ. ಆಗ ಜಾರಿಯಲ್ಲಿದ್ದ 1865ರ ಸಾಗಣೆದಾರರ ಕಾಯ್ದೆಯ ಪ್ರಕಾರ, ನಷ್ಟ ಪರಿಹಾರ ಕೇಳುವವನು ಸಾಗಣೆದಾರನ ನಿರ್ಲಕ್ಷ್ಯವನ್ನು ಸಾಬೀತುಪಡಿಸಬೇಕಾಗಿರಲಿಲ್ಲ. ‘ಓನರ್ಸ್ ರಿಸ್ಕ್’ ಎಂಬ ಒಕ್ಕಣೆಯ ಆಸರೆಯಿಂದ ಸಾಗಣೆದಾರ ತನ್ನ ನಿರ್ಲಕ್ಷ್ಯದ ಹೊಣೆಯಿಂದ ನುಣುಚಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟು 2000ದಲ್ಲಿ ಸ್ಪಷ್ಟಪಡಿಸಿತು. ಹರಿದ ಟಾರ್ಪಾಲಿನ ಆ ಪ್ರಕರಣದಲ್ಲಿ ಕೇಳುವ ಹಕ್ಕು ಆ ರೈತರಿಗಿತ್ತು. ನಾನು ಮೊದಲು ತಪ್ಪಾಗಿ ಬರೆದೆ. ಆಮೇಲೆ ಆ ತಪ್ಪನ್ನು ತಿದ್ದುವ ಭರದಲ್ಲಿ ಅವರನ್ನು ಬರಿಗೈಯಲ್ಲಿ ಕಳುಹಿಸಿದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ಜಾರ್ಜ್ ಅಕರ್ಲಾಫ್ ಅವರ 1970ರ ಪ್ರಸಿದ್ಧ ಪ್ರಬಂಧವನ್ನು ಓದಿದ್ದೆ. ಹಳೆಯ ಕಾರು ಮಾರುವವನಿಗೆ ಅದರ ಗುಣದೋಷ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಈ ಅಸಮತೆಯೇ ಪೇಟೆಯನ್ನು ಕೆಡಿಸುತ್ತದೆ ಎಂಬ ವಾದ. ಲಾರಿ ರಸೀದಿಯ ಹಿಂಬದಿಯ ಸಣ್ಣ ಅಕ್ಷರಗಳು ಅದೇ ಅಸಮತೆಯ ಇನ್ನೊಂದು ರೂಪ ಎಂದು ಮಾತ್ರ ಅಂದು ಹೊಳೆದಿರಲಿಲ್ಲ.

ರೈಲ್ವೆಯ ಎರಡು ಪದಗಳನ್ನು ನೋಡಿ. ‘ಡೆಮರೇಜ್’ ಮತ್ತು ‘ವಾರ್ಫೇಜ್’ ಎರಡನ್ನೂ ಕನ್ನಡದಲ್ಲಿ ‘ವಿಳಂಬ ಶುಲ್ಕ’ ಎಂದು ಬರೆದು ಕೈತೊಳೆದುಕೊಳ್ಳುವುದುಂಟು. 1989ರ ರೈಲ್ವೆ ಕಾಯ್ದೆ ಇವೆರಡನ್ನೂ ಬೇರೆ ಬೇರೆಯಾಗಿ ವ್ಯಾಖ್ಯಾನಿಸಿದೆ. ಉಚಿತ ಅವಧಿ ಮೀರಿ ವ್ಯಾಗನ್ನನ್ನು ನಿಲ್ಲಿಸಿಕೊಂಡರೆ ತೆರಬೇಕಾದದ್ದು ಡೆಮರೇಜ್. ಅವಧಿ ಮೀರಿಯೂ ಸರಕನ್ನು ರೈಲ್ವೆಯ ಜಾಗದಿಂದ ತೆರವು ಮಾಡದಿದ್ದರೆ ಬೀಳುವುದು ವಾರ್ಫೇಜ್. ಒಂದು ನಿಂತ ಗಾಡಿಗೆ, ಇನ್ನೊಂದು ಕೂತ ಸರಕಿಗೆ. ಗೊಬ್ಬರದ ಮೂಟೆಗಳನ್ನು ತಡವಾಗಿ ಇಳಿಸಿ, ಇಳಿಸಿದ ಮೇಲೂ ಗೂಡ್ಸ್ ಶೆಡ್ಡಿನಲ್ಲೇ ಬಿಟ್ಟ ವರ್ತಕ ಎರಡನ್ನೂ ತೆರಬೇಕಾಗಬಹುದು. ಎರಡಕ್ಕೂ ಒಂದೇ ಹೆಸರಿದ್ದರೆ ತನಗೆ ಎರಡು ಸಲ ದಂಡ ಹಾಕಿದರೆಂದು ಅವನು ಜಗಳಕ್ಕೆ ನಿಲ್ಲುವುದು ಸಹಜ.

ಮೂಲಕ್ಕೆ ನಿಷ್ಠರಾಗುತ್ತೇವೆಂದರೆ ಅಲ್ಲೂ ತೊಡಕಿದೆ. ‘ವಾರ್ಫ್’ ಎಂದರೆ ಹಡಗು, ದೋಣಿಗಳಿಗೆ ಸರಕು ಏರಿಸಿ ಇಳಿಸುವ ಕಟ್ಟೆ. ಮಂಗಳೂರಿನವರು ಅದನ್ನು ‘ಧಕ್ಕೆ’ ಎನ್ನುತ್ತಾರೆ. ಅಚ್ಚುಕಟ್ಟಾದ ಪದ. ಆದರೆ ‘ಧಕ್ಕೆ ಶುಲ್ಕ’ ಎಂದು ಬರೆದ ಕಾಗದ ಘಟ್ಟ ಹತ್ತಿ ಹಾಸನಕ್ಕೆ ಬಂದರೆ, ಸರಕಿಗೆ ಧಕ್ಕೆಯಾದದ್ದಕ್ಕೆ ತನಗೆ ಹಣ ಬರಲಿದೆ ಎಂದೇ ಓದಿದವನು ತಿಳಿದಾನು! ‘ನೆಲಬಾಡಿಗೆ’ ಎಂದರೆ ಎರಡೂ ಕಡೆಯವರಿಗೆ ತಿಳಿಯುತ್ತದೆ. ಡೆಮರೇಜನ್ನು ಹಾಗೆಯೇ ಉಳಿಸಿಕೊಳ್ಳಬಹುದೆಂಬುದು ನನ್ನ ಮತ. ಗೂಡ್ಸ್ ಶೆಡ್ಡಿನ ಹಮಾಲರಿಗೂ ಅದು ಪರಿಚಿತ.

ಕನ್ನಡಕ್ಕೆ ಈ ಕೆಲಸ ಆಗದೆಂದು ನಾನು ಹೇಳುತ್ತಿಲ್ಲ. ‘ನಿಲ್ದಾಣ’ ಎಷ್ಟು ಸಲೀಸಾಗಿ ನಮ್ಮದಾಗಿದೆ. ಸಾರಿಗೆ ಸಂಸ್ಥೆಯ ‘ವೇಗದೂತ’ ಎಕ್ಸ್‌ಪ್ರೆಸ್ಸಿಗಿಂತ ಚೆಲುವಾದ ಮಾತು. ‘ನಿರ್ವಾಹಕ’ ಮಾತ್ರ ಬರವಣಿಗೆಯಲ್ಲೇ ಉಳಿಯಿತು, ಚಿಲ್ಲರೆ ಕೇಳುವಾಗ ಎಲ್ಲರಿಗೂ ಅವರು ಕಂಡಕ್ಟರೇ. ಇವೆಲ್ಲ ಫಲಕದ ಮೇಲಿನ ಪದಗಳು, ತಪ್ಪು ತಿಳಿದರೆ ಬಸ್ಸು ತಪ್ಪೀತು ಅಷ್ಟೇ. ಕರಾರಿನ ಪದ ಹಾಗಲ್ಲ.

1865ರ ಕಾಯ್ದೆಯ ಬದಲಿಗೆ ಬಂದ 2007ರ ರಸ್ತೆ ಸಾಗಣೆ ಕಾಯ್ದೆ 2011ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಹೆಚ್ಚಿನ ಹೊಣೆಗೆ ಹೆಚ್ಚಿನ ದರವೆಂದು ಸ್ಪಷ್ಟ ಒಪ್ಪಂದವಿಲ್ಲದಿದ್ದರೆ, ಸಾಮಾನ್ಯವಾಗಿ ಸಾಗಣೆದಾರನ ಹೊಣೆ ಸಾಗಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಆರು ಸಾವಿರ ರೂಪಾಯಿ ಬಾಡಿಗೆ ತೆತ್ತು ಮೂರು ಲಕ್ಷದ ಸರಕು ಕಳುಹಿಸಿದವನಿಗೆ ಸಿಗುವುದು ಹೆಚ್ಚೆಂದರೆ 60 ಸಾವಿರ. ಇಲ್ಲಿ ಇಂಗ್ಲಿಷಿನ ‘ಫ್ರೈಟ್’ ಬಾಡಿಗೆಯೂ ಹೌದು, ಸರಕೂ ಹೌದು. ಅವಸರದ ಭಾಷಾಂತರಕಾರ ‘ಸರಕಿನ ಹತ್ತು ಪಟ್ಟು’ ಎಂದು ಬರೆದರೆ ಅನರ್ಥ ಊಹಿಸಿಕೊಳ್ಳಿ. ನಷ್ಟದ ಬಗ್ಗೆ ಸಾಗಣೆದಾರನಿಗೆ ಲಿಖಿತ ನೋಟಿಸು ಕೊಡಲು 180 ದಿನಗಳ ಗಡುವಿದೆ. ಅದನ್ನು ಎಣಿಸುವುದು ನಷ್ಟವಾದ ದಿನದಿಂದಲ್ಲ, ಸರಕು ‘ಬುಕ್’ ಆದ ದಿನದಿಂದ. ರೈಲು ಸೀಟಿನ ನೆನಪಿನಲ್ಲಿ ಇದನ್ನು ‘ಕಾಯ್ದಿರಿಸಿದ ದಿನ’ ಎನ್ನುವವರಿದ್ದಾರೆ. ಸರಕನ್ನು ಯಾರೂ ಕಾಯ್ದಿರಿಸುವುದಿಲ್ಲ, ಒಪ್ಪಿಸಿ ರಸೀದಿ ಪಡೆಯುತ್ತಾರೆ.

ಕಳೆದ ತಿಂಗಳು ನಮ್ಮ ಬೀದಿಯ ಯುವಕರೊಬ್ಬರು ಒಂದು ಕಂಪನಿಯ ಇಂಗ್ಲಿಷ್ ಕರಾರುಪತ್ರ ತಂದರು. ಸಾಲ ಮಾಡಿ ಕೊಂಡ ಒಂದೇ ಲಾರಿ ಅವರದು. ‘ಅಂಕಲ್, ಸಹಿ ಹಾಕೋ ಮುಂಚೆ ಇದರಲ್ಲಿ ಏನಿದೆ ಅಂತ ಕನ್ನಡದಲ್ಲಿ ಬರೆದುಕೊಡ್ತೀರಾ?’ ಎಂದು ಕೇಳಿದರು. ಎರಡು ದಿನ ಕೂತು ಬರೆದೆ. ಓನರ್ ಎಂದಿದ್ದ ಪ್ರತಿ ಜಾಗದಲ್ಲೂ ‘ಲಾರಿಯವರು’ ಅಥವಾ ‘ಸರಕು ಹಾಕಿದವರು’ ಎಂದು ಬಿಡಿಸಿ ಬರೆದೆ. ಕೊಂಚ ಉದ್ದವಾಯಿತು, ಹಳೆಯ ಸಮಿತಿಯವರು ನೋಡಿದ್ದರೆ ಶಿಷ್ಟತೆ ಸಾಲದು ಎನ್ನುತ್ತಿದ್ದರೇನೋ.

ಅವರು ನನ್ನ ಮನೆಯ ಜಗಲಿಯಲ್ಲೇ ಕೂತು, ಪಾಲುದಾರನಾದ ಭಾವನಿಗೆ ಅದನ್ನು ಫೋನಿನಲ್ಲಿ ಓದಿ ಹೇಳಿದರು. ಎರಡನೆಯ ಪುಟ ಮುಗಿಯುವಷ್ಟರಲ್ಲಿ ಆ ಕಡೆಯಿಂದ ಪ್ರಶ್ನೆ ಬಂತು: ‘ಗೋಡೌನಿನವರು ಮಾಲು ಇಳಿಸದೆ ಎರಡು ದಿನ ಕಾಯಿಸಿದರೆ ಹಾಲ್ಟಿಂಗ್ ಯಾರು ಕೊಡ್ತಾರಂತೆ?’ ನಾನು ಇಂಗ್ಲಿಷ್ ಪ್ರತಿಯನ್ನು ಮತ್ತೆ ಮೊದಲಿನಿಂದ ಕೊನೆಯವರೆಗೆ ಓದಿದೆ. ಅದರಲ್ಲಿ ಆ ಮಾತೇ ಇರಲಿಲ್ಲ. ಸಹಿ ಹಾಕದೆ ಅವರು ಕಾಗದವನ್ನು ಮಡಿಸಿಕೊಂಡು ಕಂಪನಿಯವರನ್ನು ಕೇಳಿಬರಲು ಹೊರಟರು.