ವಿದೇಶಿ ಸಹಪಾಠಿಯ ಸ್ನೇಹಕ್ಕೆ ಮೊದಲ ಎರಡು ವಾರ

ಬೆಂಗಳೂರು: ಕಾಲೇಜಿನ ಸಾಂಸ್ಕೃತಿಕ ದಿನದಂದು ವಿದೇಶಿ ವಿದ್ಯಾರ್ಥಿಗೆ ಮೈಸೂರು ಪೇಟ ತೊಡಿಸಿ ಛಾಯಾಚಿತ್ರ ತೆಗೆಸಿಕೊಳ್ಳುವವರು ಅನೇಕ. ಮರುದಿನ ಆತನೊಡನೆ ಊಟಕ್ಕೆ ಕೂರುವವರು ವಿರಳ.

ಕೇಂದ್ರ ಸರ್ಕಾರದ 2020-21ನೇ ಸಾಲಿನ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿದ್ದ ವಿದೇಶಿ ವಿದ್ಯಾರ್ಥಿಗಳು 48,035. ರಾಜ್ಯವಾರು ಲೆಕ್ಕದಲ್ಲಿ ಕರ್ನಾಟಕಕ್ಕೇ ಮೊದಲ ಸ್ಥಾನ. ಆದರೂ ಅಪರಿಚಿತತೆ ಅಳಿದಿಲ್ಲ. 2016ರ ಜನವರಿ 31ರಂದು ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ ಸುಡಾನ್ ಪ್ರಜೆಯೊಬ್ಬನ ಕಾರು ಬಡಿದು ಮಹಿಳೆಯೊಬ್ಬರು ಮೃತಪಟ್ಟರು. ಅಪಘಾತಕ್ಕೆ ಸಂಬಂಧವೇ ಇರದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಉದ್ರಿಕ್ತ ಗುಂಪು ಹಲ್ಲೆ ನಡೆಸಿತು. ಸುಡಾನ್ ಯಾವುದು, ಟಾಂಜಾನಿಯಾ ಯಾವುದು ಎಂದು ಗುಂಪು ವಿಚಾರಿಸಲಿಲ್ಲ.

ಸ್ನೇಹಕ್ಕೆ ಸಕಾಲವೆಂದರೆ ಆಗಮನದ ಮೊದಲ ಎರಡು ವಾರ. 180 ದಿನಗಳಿಗೂ ಮೀರಿದ ವಿದ್ಯಾರ್ಥಿ ವೀಸಾ ಪಡೆದವರು 14 ದಿನಗಳೊಳಗೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು. (ನೇಪಾಳದವರಿಗೆ ವೀಸಾದ ಗೊಡವೆಯೇ ಇಲ್ಲ.) ಅರ್ಜಿ ಅಂತರ್ಜಾಲದಲ್ಲೇ ಸಲ್ಲುತ್ತದೆ, ತೊಡಕಿರುವುದು ವಿಳಾಸದ ದಾಖಲೆಯಲ್ಲಿ. ಹಾಸ್ಟೆಲ್ ದೊರೆಯದವರಿಗೆ ಮೊದಲು ಬಾಡಿಗೆ ಮನೆ ಸಿಗಬೇಕು. ಮನೆ ಮಾಲೀಕರೊಡನೆ ಕನ್ನಡದಲ್ಲಿ ಮಾತನಾಡಿ, ಕರಾರುಪತ್ರ ಓದಿ ಹೇಳುವ ಸಹಪಾಠಿಯನ್ನು ಹೊಸಬರು ಸುಲಭವಾಗಿ ಮರೆಯಲಾರರು.

ಅನಂತರದ ಮಾತಿಗೆ ಮೆಸ್ಸಿನ ಮೇಜೇ ಸಾಕು. ಹೆಸರಿನ ಸರಿಯಾದ ಉಚ್ಚಾರವನ್ನು ಕೇಳಿ ಕಲಿಯುವುದು ಮೊದಲ ಸೌಜನ್ಯ. ಊಟದ ವಿಷಯವಂತೂ ಬೇಗ ಹತ್ತಿರ ತರುತ್ತದೆ. ಇಥಿಯೋಪಿಯಾದ ಇಂಜೆರಾ ನಮ್ಮ ದೋಸೆಯಂತೆಯೇ ಹುಳಿ ಬರಿಸಿದ ಹಿಟ್ಟಿನದು. ಕೆನ್ಯಾ, ಟಾಂಜಾನಿಯಾಗಳ ಉಗಾಲಿಯೋ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಕೈಯಲ್ಲೇ ಮುರಿದು ಸಾರಿನಲ್ಲಿ ಅದ್ದಿ ತಿನ್ನುವಂಥದು. ಮಂಡ್ಯದ ಹುಡುಗನಿಗೆ ಅದನ್ನು ಯಾರೂ ವಿವರಿಸಬೇಕಿಲ್ಲ.